ಕರಿನಾಲಗೆಯವನು ನೋಡಿಬಂದ ಕಾರು

ನನ್ನ ನಾಲಗೆಯ ಎಡಬದಿಗೆ, ತುದಿಯಿಂದ ಸ್ವಲ್ಪ ಹಿಂದೆ, ಎಳ್ಳುಕಾಳಿನಷ್ಟು ಕಪ್ಪು ಮಚ್ಚೆಯೊಂದಿದೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಕರಿನಾಲಗೆಯವರು ಆಡಿದ ಕೆಟ್ಟ ಮಾತು ನಿಜವಾಗುತ್ತದೆ ಎಂದು ನಮ್ಮವರ ನಂಬಿಕೆ. ಹಾಗಾದರೆ ಒಳ್ಳೆಯ ಮಾತು ಯಾಕೆ ನಿಜವಾಗುವುದಿಲ್ಲವೋ ಕಾಣೆ. ನನಗೆ ಲಾಟರಿ ಹೊಡೆಯುತ್ತದೆ ಎಂದು ನಾನೇ ಎಷ್ಟೋ ಸಲ ಗಟ್ಟಿಯಾಗಿ ಹೇಳಿಕೊಂಡು ನೋಡಿದ್ದೇನೆ.

ಇಂಥ ನಾಲಗೆ ಇಟ್ಟುಕೊಂಡು ನಾನು ಹೊಟ್ಟೆಪಾಡಿಗೆ ಹಿಡಿದದ್ದು ಕೆಟ್ಟದ್ದನ್ನೇ ಹೇಳುವ ಕೆಲಸ. ಅಪಘಾತಕ್ಕೆ ಸಿಕ್ಕಿದ ವಾಹನವನ್ನು ವಿಮೆಯವರ ಪರವಾಗಿ ನೋಡಿ, ಎಷ್ಟು ಹಾಳಾಗಿದೆ, ಇನ್ನೆಷ್ಟು ಬಾಳುತ್ತದೆ ಎಂದು ಬೆಲೆ ಕಟ್ಟುವ ಸರ್ವೇಯರ್ ಆಗಿದ್ದೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ರಸ್ತೆಗಳಲ್ಲಿ ನಜ್ಜುಗುಜ್ಜಾದ ಎಷ್ಟೋ ಗಾಡಿಗಳ ಹೊಟ್ಟೆಯೊಳಗೆ ತಲೆ ಹಾಕಿದ್ದೇನೆ. ಬಸ್ಸು ಗುದ್ದಿದ್ದು, ಕಬ್ಬಿನ ಲಾರಿ ಮೇಲೆ ಮಗುಚಿದ್ದು, ಎಲ್ಲವನ್ನೂ ನೋಡಿ ಮನೆಗೆ ಬಂದು ಅನ್ನ ಸಾರು ಉಂಡವನು ನಾನು. ನಾಲೆಯಿಂದ ಕ್ರೇನಿನಲ್ಲಿ ಎತ್ತಿದ ಕಾರುಗಳನ್ನು ನೋಡಿದ ದಿನ ಮಾತ್ರ ಊಟ ಸೇರುತ್ತಿರಲಿಲ್ಲ. ನಮ್ಮ ಕಡೆ ರಸ್ತೆಯ ಪಕ್ಕದಲ್ಲೇ ನಾಲೆ ಹರಿಯುತ್ತದೆ, ಎಷ್ಟೋ ಕಡೆ ನಡುವೆ ಒಂದು ಗೂಟವೂ ಇರುವುದಿಲ್ಲ. ನೀರು ಸದ್ದಿಲ್ಲದೆ ಹೋಗುತ್ತಿರುತ್ತದೆ. ಹಾಗೆ ಎತ್ತಿದ ಕಾರಿನ ಗಾಜುಗಳು ಎಷ್ಟೋ ಸಲ ಒಡೆದೇ ಇರುತ್ತಿರಲಿಲ್ಲ.

ಕರಿನಾಲಗೆ ಎಂಬ ಹೆಸರು ನನಗೆ ಗಟ್ಟಿಯಾಗಿ ಅಂಟಿದ್ದು ನನ್ನ ತಂಗಿಯ ಗಂಡ ಹೋದ ಮೇಲೆ. ಅವರ ಸ್ಕೂಟರಿನ ಮುಂದಿನ ಫೋರ್ಕಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡು, "ಇದನ್ನ ಓಡಿಸಬೇಡಿ ಭಾವ, ಎಲ್ಲಾದರೂ ಮುರಿಯುತ್ತೆ," ಎಂದೆ. ಅವರು ನಕ್ಕು, ನಾಳೆ ರಿಪೇರಿಗೆ ಬಿಡುತ್ತೇನೆ ಎಂದು ಹೇಳಿ, ಕಿಕ್ ಹೊಡೆದು ಹೋದರು. ಸೇತುವೆಯ ಮೇಲೆ ಮುರಿಯಿತು. ಸೀಳಿದ್ದ ಕಬ್ಬಿಣ ಮುರಿಯಿತು ಎಂದು ನಾನು ತಿಳಿದೆ. ನಾನು ಅಂದದ್ದರಿಂದ ಮುರಿಯಿತು ಎಂದು ನನ್ನ ತಂಗಿ ತಿಳಿದಳು. ಆಗ ಅವಳ ಮಗ ಇನ್ನೂ ಬಾಬುರಾಯನಕೊಪ್ಪಲಿನ ಸ್ಕೂಲಿಗೆ ಹೋಗುತ್ತಿದ್ದ. ಅವಳು ನನ್ನನ್ನು ಮನೆಗೆ ಸೇರಿಸಿದಳು, ಹಬ್ಬಕ್ಕೆ ಕರೆದಳು, ನನ್ನ ಇಷ್ಟದ ಹುಳಿ ಮಾಡಿ ಬಡಿಸಿದಳು. ಆದರೆ ಅವಳ ಮಗನ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ಕೈಯೆತ್ತಿ, "ಅಣ್ಣ, ಬೇಡ," ಎನ್ನುತ್ತಿದ್ದಳು. ಆ ಕೈ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆ ಹುಡುಗ, ನನ್ನ ಸೋದರಳಿಯ, ಈಗ ಮೂವತ್ತರ ಗಂಡಸು. ಮೈಸೂರು ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆಗೆ ಮುಂಚೆಯೇ ಗಂಡು ಹೆಣ್ಣನ್ನು ನದಿ ದಡಕ್ಕೆ ಕರೆದುಕೊಂಡು ಹೋಗಿ ಗಾಳಿಯಲ್ಲಿ ಸೆರಗು ಹಾರಿಸಿ ಫೋಟೋ ತೆಗೆಯುವುದು ಈಗಿನ ರೂಢಿಯಾಗಿದೆಯಲ್ಲ, ಅದರಲ್ಲಿ ಅವನದು ಒಳ್ಳೆಯ ಕೈ. ಅವನಿಗೆ ಒಂದು ಹಳೆಯ ಸ್ಪೋರ್ಟ್ಸ್ ಕಾರು ಬೇಕಾಗಿತ್ತು. ವಿಲಾಯಿತಿಯದ್ದು, ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆಯ ಹೊದಿಕೆ, ಕಡ್ಡಿ ಚಕ್ರ. ಅಂಥದ್ದೊಂದು ಪಾಂಡವಪುರದ ಆಚೆ ಗೌಡರೊಬ್ಬರ ಆಲೆಮನೆಯಲ್ಲಿ ನಿಂತಿದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಬೆಲೆಯೂ ಕೈಗೆ ಎಟುಕುವಂತಿತ್ತು. ಎಷ್ಟು ಹೇಳಿದರು ಎಂದು ಅವನು ಸಂಭ್ರಮದಿಂದ ತಿಳಿಸಿದಾಗ ನನಗೆ ಖುಷಿಯಾಗಲಿಲ್ಲ. ಹಳೆಯ ಕಾರಿಗೆ ಹೆಚ್ಚು ಬೆಲೆ ಹೇಳುವವನಿಗೆ ಆಸೆ ಇರುತ್ತದೆ, ಅದು ಸಹಜ. ಇಷ್ಟು ಕಡಿಮೆ ಹೇಳುವವನಿಗೆ ಅದು ಮನೆಯಿಂದ ತೊಲಗಿದರೆ ಸಾಕಾಗಿರುತ್ತದೆ.

ಕಾರು ನೋಡಲು ನನ್ನನ್ನು ಬಿಟ್ಟರೆ ಅವನಿಗೆ ಬೇರೆ ಯಾರೂ ಇರಲಿಲ್ಲ. ಆದರೆ ತಂಗಿ ಒಂದು ಷರತ್ತು ಹಾಕಿದಳು.

"ನೀನು ಹೋಗಿ ನೋಡು, ಬೇಡ ಅನ್ನಲ್ಲ. ಆದ್ರೆ ಆ ಗಾಡಿ ಬಗ್ಗೆ ನನ್ನ ಮಗನ ಮುಂದೆ ಒಂದೂ ಅಶುಭ ಆಡಕೂಡದು."

"ಆಡದೆ ಹೇಗೆ ಹೇಳಲಿ? ಸನ್ನೆ ಮಾಡ್ಲಾ?"

"ಹಳೇ ಕಾಲದವರು ದನ ನೋಡೋಕೆ, ಜಮೀನು ನೋಡೋಕೆ ಹೋದ್ರೆ ಏನು ಮಾಡ್ತಿದ್ರು? ವ್ಯಾಪಾರ ಬೇಡ ಅನ್ನಿಸಿದ್ರೆ ಆ ಮನೇಲಿ ನೀರೂ ಮುಟ್ಟದೆ ಎದ್ದು ಬರ್ತಿದ್ರು. ಒಪ್ಪಿಗೆಯಾದ್ರೆ ಕೊಟ್ಟಿದ್ದು ಕುಡೀತಿದ್ರು. ನೀನೂ ಹಾಗೇ ಮಾಡು. ಅವನಿಗೆ ಅರ್ಥವಾಗುತ್ತೆ."

ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಈ ನಡವಳಿಕೆ ಇನ್ನೂ ಸತ್ತಿಲ್ಲ. ಒಬ್ಬರ ಮನೆಯ ನೀರು ಕುಡಿದು ಅವರ ವಸ್ತುವನ್ನು ಹಳಿಯಬಾರದು, ಅಷ್ಟೇ ಅದರ ತಿರುಳು. ನನಗೆ ನಗು ಬಂತು. ಸರ್ವೇಯರನ ವರದಿಯನ್ನು ಒಂದು ಲೋಟ ನೀರಿಗೆ ಇಳಿಸಿದ್ದಳು. ಆದರೂ ಹೂಂ ಎಂದೆ. ಅವಳು ಅಷ್ಟಕ್ಕೇ ಬಿಡದೆ, ಮಗನಿಂದಲೂ ತನ್ನ ಮೇಲೆ ಆಣೆ ಇಡಿಸಿದಳು: ಮಾಮ ಏನಾದರೂ ಕೆಟ್ಟದ್ದು ಹೇಳಲು ಬಾಯಿ ತೆರೆದರೆ ಅಲ್ಲೇ ತಡೆಯಬೇಕು.

ಮಾರನೆಯ ದಿನ ಬೆಳಿಗ್ಗೆ ಅವನ ಕಾರಿನಲ್ಲಿ ಹೊರಟೆವು. ಪಾಂಡವಪುರ ದಾಟಿದ ಮೇಲೆ ರಸ್ತೆ ನಾಲೆಯ ಪಕ್ಕಕ್ಕೆ ಬಂತು. ಏರಿಯ ಮೇಲೆ ಎರಡೂ ಕಡೆ ಮರಗಳು, ನಡುವೆ ನೇರವಾಗಿ ಹಿಡಿದಿಟ್ಟ ನೀರು. ಅಳಿಯ ವೇಗ ಕಡಿಮೆ ಮಾಡಿ ಕಿಟಕಿಯಿಂದ ನೋಡಿದ. "ಎಂಥಾ ಲೊಕೇಶನ್ ಮಾಮ. ಕಾರು ಬಂದ ಮೇಲೆ ಮೊದಲನೇ ಶೂಟ್ ಇಲ್ಲೇ," ಎಂದ. ನಾನು ನೀರಿನ ಅಂಚಿನಲ್ಲಿ ಎಲ್ಲಾದರೂ ಗೂಟವಿದೆಯೇ ಎಂದು ನೋಡುತ್ತ ಕೂತೆ.

ಗೌಡರು ಐವತ್ತರ ಆಸುಪಾಸಿನ ಗಟ್ಟಿ ಆಳು. ಬಾಯಿ ತುಂಬ ಮಾತು. "ಬನ್ನಿ ಸ್ವಾಮಿ, ಬನ್ನಿ. ನಮ್ಮಜ್ಜ ತಂದು ಮಡಗಿದ್ದು. ಆಗಿನ ಕಾಲಕ್ಕೆ ಈ ಸುತ್ತಿಗೆಲ್ಲ ಇದೊಂದೇಯ. ಏಟು ಬಿದ್ದಿಲ್ಲ, ಮಳೆ ನೀರು ತಾಕಿಲ್ಲ. ಅಂಗೇ ಮಡಗಿದೀವಿ," ಎನ್ನುತ್ತ ಆಲೆಮನೆಗೆ ಕರೆದೊಯ್ದರು. ಬೆಲ್ಲ ಕಾಯಿಸುವುದು ನಿಂತು ಎಷ್ಟೋ ಕಾಲವಾಗಿತ್ತು. ಕೊಪ್ಪರಿಗೆ ಬೋರಲು ಬಿದ್ದಿತ್ತು. ಹಳೆಯ ಬೆಲ್ಲದ ವಾಸನೆ ಮಾತ್ರ ಗೋಡೆಯಲ್ಲಿ ಉಳಿದಿತ್ತು. ಆಳುಗಳು ಟಾರ್ಪಾಲು ಎಳೆದರು.

ಚೆಂದದ ಕಾರು. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಗಾಢ ಹಸಿರು ಬಣ್ಣ, ಉದ್ದನೆಯ ಬಾನೆಟ್ಟು, ಹಿಂದಕ್ಕೆ ಇಳಿಯುತ್ತ ಹೋದ ಬೆನ್ನು. ನನ್ನ ಅಳಿಯ ನಿಂತ ಜಾಗದಿಂದಲೇ ಅದಕ್ಕೆ ಸೋತುಹೋದ. ಅವನು ಫೋನು ತೆಗೆದು ಫೋಟೋ ಹಿಡಿಯತೊಡಗಿದ. ನಾನು ದೂರ ನಿಂತೆ.

ಹಳೆಯ ಕಾರನ್ನು ನೋಡುವವನು ಮೊದಲು ಹತ್ತಿರ ಹೋಗಬಾರದು. ದೂರದಿಂದ ಅದು ನಾಲ್ಕು ಚಕ್ರದ ಮೇಲೆ ಸಮನಾಗಿ ಕೂತಿದೆಯೇ ಎಂದು ನೋಡಬೇಕು. ಇದು ಎಡಗಡೆ ಮುಂಭಾಗದಲ್ಲಿ ಒಂದು ಬೆರಳು ತಗ್ಗಿತ್ತು. ಆಮೇಲೆ ಬಾಗಿಲುಗಳ ಸಂದು ನೋಡಬೇಕು. ಬಲಗಡೆ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇತ್ತು. ಎಡಗಡೆ ಕೆಳಕ್ಕೆ ಬಂದಂತೆ ಕಿರಿದಾಗಿತ್ತು, ಬಾಗಿಲು ತೆರೆದರೆ ಅದು ಸ್ವಲ್ಪ ಇಳಿದು ಹೊಸ್ತಿಲಿಗೆ ತಾಗುತ್ತಿತ್ತು. ಬಾಗಿಲ ಕೆಳಗಿನ ಆ ಉದ್ದನೆಯ ಹೊಸ್ತಿಲೇ ಇಂಥ ಕಾರಿನ ಬೆನ್ನುಮೂಳೆ. ಅದು ಕೊಳೆತಿದ್ದರೆ ಮೇಲಿನ ಬಣ್ಣಕ್ಕೆ ಬೆಲೆಯಿಲ್ಲ.

ನನ್ನ ಜೇಬಿನಲ್ಲಿ ಯಾವಾಗಲೂ ಕರ್ಚೀಫಿನಲ್ಲಿ ಸುತ್ತಿದ ಒಂದು ಅಯಸ್ಕಾಂತ ಇರುತ್ತದೆ. ಅದನ್ನು ಎಡಬದಿಯ ಮೇಲೆ ಆಡಿಸಿದೆ. ಎಷ್ಟೋ ಕಡೆ ಹಿಡಿಯಲೇ ಇಲ್ಲ. ಒಳಗೆ ತಗಡಿರಲಿಲ್ಲ, ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು. ಗೌಡರು ನನ್ನ ಕೈಯನ್ನೇ ನೋಡುತ್ತಿದ್ದರು. "ಹಳೇ ಗಾಡಿ ಅಲ್ವಾ ಸ್ವಾಮಿ, ಒಸಿ ಟಿಂಕರಿಂಗು ಮಾಡ್ಸಿದೀವಿ," ಎಂದರು. ಅವರ ದನಿ ಸ್ವಲ್ಪ ಇಳಿದಿತ್ತು.

ಎಂಜಿನನ್ನು ನಾನು ಕೊನೆಗೆ ನೋಡುತ್ತೇನೆ. ಎಲ್ಲರೂ ಮೊದಲು ಅದನ್ನೇ ನೋಡುತ್ತಾರೆ, ಮಾರುವವರಿಗೆ ಅದು ಗೊತ್ತಿರುತ್ತದೆ. ಹೊಸ ಬ್ಯಾಟರಿ ಕೂರಿಸಿದ್ದರು. ಕೀಲಿ ತಿರುಗಿಸಿದೊಡನೆ ಗುರ್ ಎಂದು ಹಿಡಿದುಕೊಂಡಿತು, ಅಳಿಯನ ಮುಖ ಅರಳಿತು. ನಾನು ಒಳಗೆ ಕೂತು ಸ್ಟೇರಿಂಗ್ ಅಲುಗಾಡಿಸಿದೆ. ಅದು ಅಂಗೈಯಷ್ಟು ಅಗಲ ಸುಮ್ಮನೆ ಆಡಿದ ಮೇಲೆ ಚಕ್ರ ಅದರ ಮಾತು ಕೇಳಿತು. ಕೆಳಗೆ ಗೋಣಿಚೀಲ ಹಾಸಿ ಮಲಗಿ ಟಾರ್ಚು ಹಿಡಿದೆ. ಸ್ಟೇರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದಿಟ್ಟ ಪಟ್ಟಿ ಒಮ್ಮೆ ಹರಿದು, ಮತ್ತೆ ಬೆಸುಗೆ ಕಂಡಿತ್ತು. ತುಕ್ಕಿನ ಮೇಲೆ ಹಾಕಿದ ಬೆಸುಗೆ. ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಎದ್ದು ಬಂತು.

ಅಲ್ಲಿಗೇ ಎದ್ದು ಬರಬಹುದಾಗಿತ್ತು. ಆದರೆ ಮೂಗಿಗೆ ಬೇರೇನೋ ಬಡಿದಿತ್ತು. ಒಳಗಿನ ಕಾರ್ಪೆಟ್ಟು ಹೊಸದು, ಸೀಟಿನ ಚರ್ಮ ಹೊಸದು, ಆದರೂ ಕೆಸರಿನ ತಣ್ಣನೆಯ ವಾಸನೆ. ಕಾಲಿಡುವ ಜಾಗದ ಪಕ್ಕದ ಹಲಗೆಯ ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕಿದೆ. ನುಣ್ಣನೆಯ ಹೂಳು ಬೆರಳಿಗೆ ಸಿಕ್ಕಿತು. ಗದ್ದೆಯ ಮಣ್ಣಲ್ಲ, ಮಳೆಯ ಕೆಸರಲ್ಲ. ಹಿಟ್ಟಿನಂತೆ ಜರಡಿ ಹಿಡಿದ ಬೂದುಬಣ್ಣದ ಹೂಳು. ಇದನ್ನು ನಾನು ಎಷ್ಟೋ ಕಾರುಗಳ ಒಳಗಿಂದ ಬಾಚಿದ್ದೇನೆ. ಅದರ ಜೊತೆಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಸುರುಳಿಯಾದ, ಬಿಳಿಚಿಕೊಂಡ ಒಂದು ಚಿಪ್ಪು ಬಂತು. ನಾಲೆಯ ಶಂಖದ ಹುಳು ಆಲೆಮನೆಗೆ ನಡೆದು ಬಂದು ಕಾರಿನೊಳಗೆ ಸೇರಿಕೊಳ್ಳುವುದಿಲ್ಲ.

ಚಿಪ್ಪನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಬಾಯಿ ಒಣಗಿತ್ತು. ಕುಡಿಯದೆ ಎದ್ದು ಹೋಗುವುದು ಎಂದು ತೀರ್ಮಾನಿಸಿದ್ದೆ. ಕೈಗೆ ಹೂಳು ಮೆತ್ತಿತ್ತು, ತೊಳೆಯಲು ಮನೆಯ ಹಿಂಭಾಗದ ನಲ್ಲಿಯ ಹತ್ತಿರ ಹೋದೆ. ಅಳಿಯ ಮತ್ತು ಗೌಡರು ಆಲೆಮನೆಯಲ್ಲೇ ಉಳಿದರು.

ಹಿತ್ತಲ ಜಗಲಿಯ ಮೇಲೆ ಗೌಡರ ತಾಯಿ ಕೂತಿದ್ದರು. ಬಿಳಿ ತಲೆ, ಬೋಳು ಹಣೆ. ನಾನು ಕೈ ತೊಳೆಯುವುದನ್ನು ನೋಡಿ, ಹರಿದುಹೋಗುತ್ತಿದ್ದ ಬೂದು ನೀರನ್ನು ನೋಡಿ, "ನಿಮ್ಗೆ ಗೊತ್ತಾಯ್ತು, ಅಲ್ವಾ ಸ್ವಾಮಿ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

"ನನ್ ದೊಡ್ಮಗ ಅದ್ರೊಳಗೇ ಓದ. ಸೊಸೇನೂ ಇದ್ಲು. ಇಬ್ರೂ ಮದ್ವೆ ಊಟಕ್ಕೆ ಅಂತ ಒಂಟಿದ್ರು. ನಾಲೆ ನೀರು ನಿಲ್ಸಿ ಎತ್ತುದ್ರು." ಅವರು ಅಳಲಿಲ್ಲ. ತುಂಬ ಸಲ ಹೇಳಿಕೊಂಡ ಮಾತಿನ ಹಾಗೆ ಹೇಳಿದರು. "ಗುಜ್ರಿಗೆ ಆಕ್ಬುಡ್ಲಾ ಅಂದೆ. ನನ್ ಮಾತು ಕೇಳ್ನಿಲ್ಲ ಚಿಕ್ಕೋನು. ಬಣ್ಣ ಬಳ್ದು ಮಡಗವ್ನೆ."

ನಾನು ನಲ್ಲಿ ನಿಲ್ಲಿಸಿದೆ. ಅವರು ನಿಧಾನಕ್ಕೆ ಎದ್ದು ಒಳಗೆ ಹೋಗಿ ಒಂದು ಸ್ಟೀಲಿನ ಲೋಟ ಹಿಡಿದು ಬಂದರು. ಮಜ್ಜಿಗೆ, ಮೇಲೆ ಕೊತ್ತಂಬರಿ ಸೊಪ್ಪು ತೇಲುತ್ತಿತ್ತು.

"ನೀವು ಐನೋರು, ಕುಡೀತೀರೋ ಇಲ್ವೋ ಕಾಣೆ. ಈ ಗಾಡಿ ನೋಡಕ್ಕೆ ಎಷ್ಟೋ ಜನ ಬಂದವ್ರೆ. ಒಬ್ರೂ ನಮ್ಮನೆ ನೀರು ಮುಟ್ನಿಲ್ಲ. ಎಲ್ಲಾ ಅಂಗೇ ಎದ್ದು ಓಯ್ತಾರೆ. ಸಾವಾಗಿ ಇಷ್ಟು ಕಾಲ ಆದ್ರೂವೆ ನಮ್ಮನೆ ಸೂತ್ಕ ಕಳ್ದಿಲ್ಲ ಅಂತ ನೆಂಟ್ರು ಆಡ್ಕತಾರೆ."

ಬಂದವರು ಯಾಕೆ ಮುಟ್ಟಲಿಲ್ಲ ಎಂದು ನನಗೆ ಗೊತ್ತಿತ್ತು. ಅವರೂ ನನ್ನ ಹಾಗೆಯೇ ಆ ನಡವಳಿಕೆ ಕಲಿತವರು. ಬೇಡವೆಂದದ್ದು ಕಾರನ್ನು, ಆದರೆ ಅದು ಮುಟ್ಟಿದ್ದು ಈ ತಾಯಿಯನ್ನು. ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದೆ. ಅವರು ಖಾಲಿ ಲೋಟವನ್ನು ಎರಡೂ ಕೈಯಲ್ಲಿ ವಾಪಸು ಪಡೆದು, "ಒಟ್ಟೆ ತಣ್ಣಗಿರ್ಲಿ ಕಣಪ್ಪ," ಎಂದರು.

ತಿರುಗಿದೆ. ಹಿತ್ತಲ ಬಾಗಿಲಲ್ಲಿ ನನ್ನ ಅಳಿಯ ನಿಂತಿದ್ದ. ನನ್ನನ್ನು ಹುಡುಕಿಕೊಂಡು ಬಂದವನು. ನನ್ನ ಮೀಸೆಗೆ ಹತ್ತಿದ್ದ ಮಜ್ಜಿಗೆ ನೋಡಿ ಅವನ ಮುಖ ತುಂಬ ನಗೆ ಬಂತು. ನಾನು ಕೈಯೆತ್ತುವಷ್ಟರಲ್ಲಿ ಓಡಿಬಿಟ್ಟ. ನಾನು ಸುತ್ತು ಬಳಸಿ ಆಲೆಮನೆಗೆ ಹೋಗುವ ಹೊತ್ತಿಗೆ ವೀಳ್ಯದೆಲೆ ಅಡಿಕೆಯ ಮೇಲೆ ಸಂಚಕಾರದ ಮುಂಗಡ ದುಡ್ಡು ಇಟ್ಟು ಗೌಡರ ಕೈಗೆ ಕೊಟ್ಟಾಗಿತ್ತು. ಗೌಡರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿದರು.

ವಾಪಸು ಬರುವಾಗ ನಾಲೆಯ ಏರಿಯ ಮೇಲೆ ನಾನು ತಡೆಯಲಾರದೆ, "ಲೋ, ನಾನು ಮಜ್ಜಿಗೆ ಕುಡಿದದ್ದು ಒಪ್ಪಿಗೆ ಅಲ್ಲ ಕಣೋ. ಆ ಗಾಡಿ..." ಎಂದೆ.

"ಮಾಮ, ಅಮ್ಮನ ಮೇಲೆ ಆಣೆ ಇದೆ." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಕೊಳ್ಳೋಕೆ ಮುಂಚೆ ಆಗಿದ್ರೆ ಒಂದು ಮಾತು. ಈಗ ಸಂಚಕಾರ ಕೊಟ್ಟಾಯ್ತು, ಗಾಡಿ ನಮ್ಮದಾಯ್ತು. ಇನ್ನು ನೀವು ಏನಂದ್ರೂ ಅದು ನಮಗೇ ತಗಲೋದು. ದಮ್ಮಯ್ಯ, ಸುಮ್ಮನಿರಿ."

ಓದಿದ ಹುಡುಗ, ಡ್ರೋನು ಹಾರಿಸುವ ಹುಡುಗ. ಅವನು ನಿಜವಾಗಿ ಹೆದರಿದ್ದ. ಹೆದರಿದ್ದು ಕಾರಿಗಲ್ಲ, ನನಗೆ. ನನ್ನ ಮಡಿಲಲ್ಲಿ ಆಡಿದ ಮಗು ನನ್ನ ಬಾಯಿಗೆ ಹೆದರುವುದನ್ನು ಕಂಡು ನನಗೆ ಅಳು ಬಂತು, ಕಿಟಕಿಯ ಕಡೆ ತಿರುಗಿಕೊಂಡೆ.

ನನ್ನ ಕೈಲಾದದ್ದನ್ನು ಮಾಡಿದೆ. ಕಾರನ್ನು ಬಣ್ಣಕ್ಕೆ ಬಿಟ್ಟಿದ್ದ ಕೆ.ಆರ್. ಪೇಟೆಯ ಗ್ಯಾರೇಜಿಗೆ ಹೋಗಿ, ಆ ಪಟ್ಟಿಯನ್ನು ಪೂರ್ತಿ ಕತ್ತರಿಸಿ ಹೊಸದು ಹಾಕಲು ಹೇಳಿದೆ. ಗ್ಯಾರೇಜಿನವನು, "ಇನ್ನೊಂದು ವೆಲ್ಡಿಂಗು ಒಡ್ದಿದೀನಿ ಸಾರ್, ಆನೆ ಎಳುದ್ರೂ ಬರಾಕಿಲ್ಲ," ಎಂದ. ಕತ್ತರಿಸಿದರೆ ಕಾರು ತಿಂಗಳುಗಟ್ಟಲೆ ನಿಲ್ಲುತ್ತದೆ, ನಿಮ್ಮ ಅಳಿಯ ಒಪ್ಪುವುದಿಲ್ಲ ಎಂದೂ ಸೇರಿಸಿದ. ಹಳೆಯ ಬೆಸುಗೆಯ ಮೇಲೆ ಹೊಸ ಬೆಸುಗೆ ಬಿದ್ದಿತ್ತು, ಕೆಳಗಿನ ತುಕ್ಕು ಹಾಗೆಯೇ ಇತ್ತು.

ಮದುವೆಯ ಕಾಲ ಬಂತು. ಮೊದಲನೆಯ ಶೂಟು ನಾಲೆಯ ಏರಿಯ ಮೇಲೆಯೇ ಗೊತ್ತಾಯಿತು. ಯಾರೂ ಕರೆಯದಿದ್ದರೂ ನಾನು ಹೋದೆ. ಇಳಿಬಿಸಿಲು, ಮರಗಳ ನೆರಳು ನೀರಿನ ಮೇಲೆ ಬಿದ್ದಿತ್ತು. ಮದುವೆ ಹುಡುಗಿ ಕೆಂಪು ಲಂಗ ಹರಡಿಕೊಂಡು ಎಡಗಡೆ ಸೀಟಿನಲ್ಲಿ ಕೂತು ಕನ್ನಡಿ ನೋಡಿಕೊಳ್ಳುತ್ತಿದ್ದಳು. ಮದುವೆ ಹುಡುಗ ಸ್ಟೇರಿಂಗ್ ಹಿಡಿದು ಏರಿಯುದ್ದಕ್ಕೂ ಓಡಿಸಬೇಕು, ಮೇಲಿನಿಂದ ಡ್ರೋನು ಬರುತ್ತದೆ ಎಂದು ಅಳಿಯ ವಿವರಿಸುತ್ತಿದ್ದ. ಹುಡುಗ ಒಂದು ಸಲ ಸ್ಟೇರಿಂಗ್ ಅಲ್ಲಾಡಿಸಿ, "ಲೂಸ್ ಐತಲ್ಲ ಸಾರ್," ಎಂದ. "ಹಳೇ ಗಾಡಿ ಹಾಗೇ ಇರುತ್ತೆ," ಎಂದ ನನ್ನ ಅಳಿಯ.

ನಾನು ಬಾಗಿಲು ತೆರೆದೆ. "ಇಳೀರಪ್ಪ ಇಬ್ಬರೂ. ಮೊದಲು ನಾನೊಂದು ಸುತ್ತು ಓಡಿಸ್ತೀನಿ. ಮುದುಕನಿಗೆ ಆಸೆಯಾಗಿದೆ," ಎಂದೆ. ಅದರಲ್ಲಿ ಅಶುಭದ ಮಾತು ಒಂದೂ ಇರಲಿಲ್ಲ. ಎಲ್ಲರೂ ನಕ್ಕರು. ಅಳಿಯನೂ ನಕ್ಕ, ಮಾಮನಿಗೆ ಕೊನೆಗೂ ಕಾರಿನ ಮೇಲೆ ಮನಸ್ಸಾಯಿತು ಎಂದುಕೊಂಡಿರಬೇಕು.

ಮೆಲ್ಲಗೆ ಬಿಟ್ಟೆ. ನಾಲೆ ನನ್ನ ಎಡಗಡೆಗಿತ್ತು. ಎಂಜಿನು ಸೊಗಸಾಗಿ ಹಾಡುತ್ತಿತ್ತು, ಬೇಕೆಂದೇ ಗುಂಡಿಗಳ ಮೇಲೆ ಹತ್ತಿಸಿ ಇಳಿಸಿದೆ. ನನ್ನ ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆಯೇ ಇತ್ತು. ಏನೂ ಆಗದೆ ಹೋದರೆ ನಾನು ಪೆಚ್ಚಾಗುತ್ತೇನೆ, ಆಗಲಿ, ಏನೂ ಆಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮಾವಿನಮರದ ಹತ್ತಿರ ಕಾಲ ಕೆಳಗೆ ಟಕ್ ಎಂದಿತು. ಕೈಯಲ್ಲಿದ್ದ ಸ್ಟೇರಿಂಗ್ ಹಗುರಾಯಿತು. ಬಲಕ್ಕೆ ತಿರುಗಿಸಿದೆ, ಅದು ತಿರುಗಿತು, ಕಾರು ಮಾತ್ರ ಎಡಕ್ಕೆ ಹೋಯಿತು. ಅವಸರವೇ ಇಲ್ಲದೆ ನೀರಿನ ಕಡೆ ನಡೆಯಿತು. ಬ್ರೇಕು ಒತ್ತಿ, ಹ್ಯಾಂಡ್‌ಬ್ರೇಕು ಎಳೆದು ಹಿಡಿದೆ. ಕಣ್ಣು ಮುಚ್ಚಿಕೊಂಡಿದ್ದೆ ಎಂದು ಕಾಣುತ್ತದೆ, ಯಾಕೆಂದರೆ ಮುಂದಿನ ನೆನಪು ಸದ್ದು ನಿಂತದ್ದು.

ಎಡಗಡೆಯ ಮುಂದಿನ ಚಕ್ರ ಏರಿಯಾಚೆ ಗಾಳಿಯಲ್ಲಿತ್ತು. ಕೆಳಗೆ ನೀರಿನಲ್ಲಿ ಒಂದು ತೆಂಗಿನ ಸಿಪ್ಪೆ ತೇಲಿಕೊಂಡು ಹೋಯಿತು. ಆ ತಾಯಿಯ ಮಗ ಸೊಸೆ ಇದನ್ನೇ ನೋಡಿರಬೇಕು ಎನ್ನಿಸಿತು. ಬಲಗಡೆಯ ಬಾಗಿಲಿನಿಂದ ಹೊರಗೆ ತೆವಳಿ ನೆಲದ ಮೇಲೆ ಕೂತೆ.

ಅಳಿಯ ಓಡಿ ಬಂದ. ಚಕ್ರ ನೋಡಿದ, ನೀರು ನೋಡಿದ, ನನ್ನನ್ನು ನೋಡಿದ. ಅವನಿಗೆ ಎಲ್ಲವೂ ಅರ್ಥವಾಯಿತು, ಒಂದು ಮಾತೂ ಬೇಕಾಗಲಿಲ್ಲ. ನನ್ನ ಪಕ್ಕದಲ್ಲಿ ಕುಸಿದು ಕೂತು ನನ್ನ ಮೊಣಕಾಲು ಹಿಡಿದುಕೊಂಡ. ನಾನು ಜೇಬಿನಿಂದ ಆ ಚಿಪ್ಪು ತೆಗೆದು ಅವನ ಅಂಗೈಗೆ ಹಾಕಿ, ಆ ಮನೆಯ ತಾಯಿ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಈ ಸಲ ತಡೆಯಲಿಲ್ಲ.

"ಅಮ್ಮಂಗೆ ಹೇಳ್ಬೇಡಿ ಮಾಮ," ಎಂದ ಕೊನೆಗೆ.

ಹೇಳಲಿಲ್ಲ. ಟ್ರಾಕ್ಟರು ತಂದು ಕಾರನ್ನು ಹಿಂದಕ್ಕೆ ಎಳೆದರು. ಬ್ರೇಕು ಕೆಟ್ಟಿದೆ ಎಂದು ಗಂಡು ಹೆಣ್ಣಿಗೆ ಹೇಳಿದ್ದಾಯಿತು. ಅವರು ನಿಂತ ಕಾರಿಗೆ ಒರಗಿಯೇ ಫೋಟೋ ತೆಗೆಸಿಕೊಂಡರು. ಫೋಟೋಗಳು ಬಹಳ ಚೆನ್ನಾಗಿ ಬಂದವಂತೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕಾರು ಗುಜರಿಗೆ ಹೋಗುತ್ತದೆ, ಹೆಚ್ಚೆಂದರೆ ಸ್ಟುಡಿಯೋ ಮುಂದೆ ಇಟ್ಟಿಗೆಯ ಮೇಲೆ ನಿಲ್ಲುತ್ತದೆ ಎಂದು ನನ್ನ ಲೆಕ್ಕ. ಒಂದು ದಿನ ಸ್ಟುಡಿಯೋಗೆ ಹೋದರೆ ಕಾರು ಇರಲಿಲ್ಲ. ಕೇಳಿದ್ದಕ್ಕೆ ಅಳಿಯ ಕಂಪ್ಯೂಟರಿನಿಂದ ತಲೆಯೆತ್ತದೆ, "ಮಾರಿಬಿಟ್ಟೆ ಮಾಮ. ಬಿಂಡಿಗನವಿಲೆ ಕಡೆಯವರು. ರಿಪೇರಿ ಮಾಡಿಸಿಯೇ ಕೊಟ್ಟಿದೀನಿ," ಎಂದ.

"ಪಟ್ಟಿ ಕತ್ತರಿಸಿ ಹೊಸದು ಹಾಕಿಸಿದ್ಯಾ?"

"ವೆಲ್ಡಿಂಗ್ ಮಾಡಿಸಿದೆ."

"ನಾಲೆಗೆ ಬಿದ್ದಿದ್ದು ಹೇಳಿದ್ಯಾ?"

ಅವನು ಮೌಸು ಆಚೀಚೆ ಆಡಿಸಿದ. ಆಮೇಲೆ, "ಅವರು ಬಂದ್ರು, ನೋಡಿದ್ರು, ಕಾಫಿ ಕುಡಿದ್ರು. ಒಪ್ಪಿಗೆ ಆಯ್ತು," ಎಂದ.

ನಾನು ಅವನನ್ನು ಬೈಯಲಿಲ್ಲ. ಕಾರು ಸಾಗಿಸಿದ ಟೆಂಪೋದವನನ್ನು ಹಿಡಿದು ಕೊಂಡವರ ಊರು, ನಂಬರು ಇಸಿದುಕೊಂಡು ಫೋನು ಹಚ್ಚಿದೆ. ಹೊಸ ಕಾರಿನ ಹುರುಪಿನಲ್ಲಿದ್ದ ಗಂಡಸಿನ ದನಿ.

"ಊಂ, ನಾನೇ ತಕಂಡಿರೋದು. ಮಗಳ್ ಮದ್ವೆ ಅದೆ. ಎಣ್ಣು ಗಂಡು ಅದ್ರಲ್ಲೇ ಕೂತ್ಕಂಡ್ ಬತ್ತವೆ. ನೀವ್ಯಾರು?"

ನಾನು ಯಾರೆಂದು ಹೇಳಿದೆ. ಆ ಕಡೆಯ ದನಿಯ ಹುರುಪು ಇಳಿಯಿತು.

"ಸ್ವಾಮಿ, ನಿಮ್ದು ಕರಿನಾಲ್ಗೆ ಅಂತ ನಿಮ್ಮಳಿಯ ಮೊದ್ಲೇ ಯೋಳವ್ರೆ. ನೀವು ಫೋನ್ ಮಾಡ್ಬೋದು, ಮಾಡುದ್ರೆ ಮಾತಿಗೆ ಅವಕಾಶ ಕೊಡ್ಬೇಡಿ ಅಂದವ್ರೆ. ಮದ್ವೆ ಮನೆ ಇದು. ನಿಮ್ ಕಾಲಿಗ್ ಬೀಳ್ತೀನಿ, ಏನೂ ಅನ್ಬ್ಯಾಡಿ." ಫೋನು ಕಟ್ಟಾಯಿತು. ಮತ್ತೆ ಹಚ್ಚಿದೆ, ಎತ್ತಲಿಲ್ಲ.

ನನ್ನ ತಂಗಿ ಎತ್ತುತ್ತಿದ್ದ ಆ ಕೈಯನ್ನು ಇಷ್ಟು ವರ್ಷ ಸಹಿಸಿಕೊಂಡಿದ್ದೆ. ಅವಳದು ಗಂಡನನ್ನು ಕಳೆದುಕೊಂಡವಳ ಸಂಕಟ. ಅವಳ ಮಗ ಅದೇ ಕೈಯನ್ನು ಕಾರಿನ ಜೊತೆಗೆ ಮಾರಲು ಕಲಿತಿದ್ದ. ಅವತ್ತು ನನಗೆ ಬಂದಷ್ಟು ಸಿಟ್ಟು ಜೀವಮಾನದಲ್ಲಿ ಬಂದಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ನಾಗಮಂಗಲದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ನೀರಾವರಿಯ ಹಸಿರು ಹಿಂದೆ ಉಳಿದು ಕೆಂಪು ಹೊಲಗಳು, ಕುರಿ ಮಂದೆಗಳು ಬಂದವು. ಬಿಸಿಲಿಗೆ ಗಂಟಲು ಒಣಗಿತ್ತು, ಬೇಕೆಂದೇ ಎಲ್ಲೂ ನೀರು ಕುಡಿಯಲಿಲ್ಲ.

ಊರಿನಲ್ಲಿ ಹಸಿರು ಕಾರಿನ ಮನೆ ಎಂದರೆ ಮಕ್ಕಳೇ ತೋರಿಸಿದರು. ಅಂಗಳದಲ್ಲಿ ಚಪ್ಪರದ ಕಂಬ ನೆಡುತ್ತಿದ್ದರು. ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಎಡಗಡೆ ಮುಂಭಾಗ ಈಗಲೂ ಒಂದು ಬೆರಳು ತಗ್ಗಿತ್ತು. ಎಡಗಡೆಯ ಸೀಟಿನ ಮೇಲೆ ಹೆಣ್ಣುಮಕ್ಕಳ ಒಂದು ಹಳದಿ ವೇಲು ಬಿದ್ದಿತ್ತು. ಮನೆಯ ಯಜಮಾನ ನನ್ನನ್ನು ನೋಡಿದೊಡನೆ ಗುರುತು ಹಿಡಿದರು, ಫೋನು ಬಂದ ಮರುದಿನವೇ ಬಂದ ಅಪರಿಚಿತ ಮುದುಕ ಬೇರೆ ಯಾರಿದ್ದಾನು. ಅವರ ಮುಖ ಬಿಳಿಚಿಕೊಂಡಿತು. ಆದರೂ ಮನೆಗೆ ಬಂದವರನ್ನು ನಿಲ್ಲಿಸಿ ಕಳಿಸುವ ಜನ ಅಲ್ಲ ಅವರು. "ಬನ್ನಿ, ಕೂತ್ಕಳಿ. ಮಾತು ಮಾತ್ರ ಬ್ಯಾಡ ಸ್ವಾಮಿ," ಎಂದು ಕೈ ಮುಗಿದರು.

ನಾನೂ ಕೈ ಮುಗಿದು ಜಗಲಿಯ ಮೇಲೆ ಕೂತೆ. ಅವರ ಹೆಂಡತಿ ಒಳಗಿನಿಂದ ಒಂದು ಚೊಂಬು ನೀರು, ಒಂದು ಲೋಟ ತಂದಿಟ್ಟರು. ನಾನು ಮುಟ್ಟಲಿಲ್ಲ. "ಬಿಸ್ಲಾಗ್ ಬಂದಿದ್ದೀರಿ, ಕುಡೀರಿ," ಎಂದರು. ಬೇಡವೆಂದು ತಲೆಯಾಡಿಸಿದೆ. ಒಳಗೆ ಹೋಗಿ ಮಜ್ಜಿಗೆ ತಂದರು. ಕೈ ಮುಗಿದೆ. "ಕಾಪಿ ಕಾಯಿಸ್ಲಾ?" ಎಂದರು. ಅದಕ್ಕೂ ತಲೆಯಲ್ಲಾಡಿಸಿದೆ. ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡೆ. ಅವರು ಅದನ್ನು ನೋಡಿದರು. ನಾನು ಎದ್ದು ನಿಂತು, ಮರದ ಕೆಳಗಿನ ಕಾರಿನ ಕಡೆಗೆ ತಿರುಗಿ ಸ್ವಲ್ಪ ಹೊತ್ತು ಹಾಗೇ ನಿಂತೆ.

ಆಕೆ ನನ್ನನ್ನು ನೋಡಿದರು. ತುಂಬಿದ ಲೋಟವನ್ನು ನೋಡಿದರು. ಆಮೇಲೆ ಕಾರನ್ನು ನೋಡಿದರು. ಲೋಟವನ್ನು ಜಗಲಿಯ ಮೇಲೆ ಬಿಟ್ಟು ಅಂಗಳ ದಾಟಿ ಹೋಗಿ, ಸೀಟಿನ ಮೇಲಿದ್ದ ಮಗಳ ವೇಲನ್ನು ಎತ್ತಿ, ಕೊಡವಿ, ಎದೆಗೆ ಅವುಚಿಕೊಂಡರು. ಗಂಡನ ಹತ್ತಿರ ಬಂದು, "ಒಸಿ ಒಳೀಕ್ ಬನ್ನಿ," ಎಂದರು.

ಅವರಿಬ್ಬರೂ ಒಳಗೆ ಹೋದರು. ನಾನು ಬಾಯಾರಿಕೊಂಡೇ ಬಸ್ ಸ್ಟಾಪಿನ ಕಡೆ ನಡೆದೆ.